ಹೆಣ್ಣು ಮರಿ ಯಾರು ಒಯ್ತಾರ?

ನಮ್ಮ ಕಡೆ ಹೆಣ್ಣುನಾಯಿಗೆ ಯಜಮಾನ ಅಂತ ಇದ್ದದ್ದು ತೀರ ಕಡಿಮೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳ ದನದ ದವಾಖಾನೆಗಳಲ್ಲಿ ನಾನು ನೌಕರಿ ಮಾಡಿದ್ದೇನೆ. ಹುದ್ದೆ ಪಶುವೈದ್ಯಕೀಯ ಪರೀಕ್ಷಕನದು. ಡಾಕ್ಟರ್ ಬೇರೆ ಇರುತ್ತಿದ್ದರು, ಆದರೆ ಊರವರಿಗೆ ಬ್ಯಾಗು ಹಿಡಿದು ಸೈಕಲ್ ಮೇಲೆ ಬಂದವನೇ ಡಾಕ್ಟರು. ನಾನು ಸೇರಿದ ಎಂಬತ್ತರ ದಶಕದಲ್ಲಿ ದವಾಖಾನೆಯ ಕಟ್ಟೆಗೆ ಬರುತ್ತಿದ್ದದ್ದು ಎತ್ತು, ಎಮ್ಮೆ, ಆಕಳು, ಮಳೆಗಾಲದಲ್ಲಿ ಕುರಿ. ನಾಯಿ ಬಂದರೆ ಅದು ಗಂಡುನಾಯಿ, ಹಂದಿ ಸೀಳಿದ ಗಾಯಕ್ಕೆ ಹೊಲಿಗೆ ಹಾಕಿಸಲಿಕ್ಕೆ.

ಈಗ ಅಕ್ಕಿಆಲೂರಿನಲ್ಲಿ, ಬಂಕಾಪುರದಲ್ಲಿ, ಚಿಕ್ಕೇರೂರಿನ ಸಂತೆಯಲ್ಲಿ ಸಿಕ್ಕವರು ಕೇಳುವ ಪ್ರಶ್ನೆ ಬೇರೆ. "ಸಾಹೇಬ್ರ, ನಮ್ಮ ನಾಯಿಗೆ ಆಪರೇಷನ್ ಮಾಡಸ್ಬೇಕಂತ ಮಾಡೀವಿ. ಆದ್ರ ಒಂದ್ಸಲ ಮರಿ ಹಾಕಿಸಿ ಆಮ್ಯಾಲೆ ಮಾಡ್ಸಿದ್ರ ಛಲೋ ಅಂತಾರಲ್ರಿ?" ನಾನು ನೌಕರಿಯಲ್ಲಿದ್ದ ಮೊದಲ ಹತ್ತು–ಹದಿನೈದು ವರ್ಷ ಈ ಮಾತು ಕಿವಿಗೆ ಬಿದ್ದದ್ದಿಲ್ಲ. ಆಗ ತೀರ್ಮಾನ ಆಗುತ್ತಿದ್ದದ್ದು ತಾಯಿಯ ಬಗ್ಗೆ ಅಲ್ಲ, ಮರಿಗಳ ಬಗ್ಗೆ. ಅದೂ ಅವು ಕಣ್ಣು ಬಿಟ್ಟ ಮೇಲೆ.

ನಮ್ಮ ನಾಡತಳಿಯ ನಾಯಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬೆದೆಗೆ ಬರುತ್ತದೆ. ಭಾದ್ರಪದದಲ್ಲಿ ಶುರುವಾದರೆ ಕಾರ್ತಿಕದ ತನಕ ಓಣಿಯಲ್ಲಿ ಅದೇ ಗದ್ದಲ. ಕಾರ್ತಿಕದ ನಾಯಿ ಅನ್ನುವ ಬೈಗುಳ ಸುಮ್ಮನೆ ಹುಟ್ಟಿದ್ದಲ್ಲ. ಅರವತ್ತು ಮೂರು ದಿನದ ಗಬ್ಬ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಈಯುತ್ತದೆ. ಹಾನಗಲ್ ಸೀಮೆಯಲ್ಲಿ ಆಗ ಭತ್ತ ಒಕ್ಕಿ ಹುಲ್ಲಿನ ಬಣವಿ ಒಟ್ಟಿರುತ್ತಾರೆ. ನಾಯಿ ಬಣವಿಯ ಬುಡ ಕೆರೆದು ಗೂಡು ಮಾಡಿಕೊಂಡು ಅಲ್ಲೇ ಮರಿ ಹಾಕುತ್ತದೆ. ಹುಲ್ಲು ಹಿರಿಯಲು ಹೋದವರಿಗೆ ಒಳಗಿನಿಂದ ಗುರ್ ಅಂದಾಗಲೇ ಸುದ್ದಿ ಗೊತ್ತಾಗುವುದು.

ಹದಿನೈದು–ಇಪ್ಪತ್ತು ದಿನ ಕಳೆಯುತ್ತಿದ್ದಂತೆ ಆರಿಸುವವರು ಬರುತ್ತಿದ್ದರು. ಹೊಲದಲ್ಲಿ ಮನೆ ಮಾಡಿಕೊಂಡವರು, ಕುರಿಯವರು, ಬೇಟೆಯ ಖಯಾಲಿಯವರು. ಮರಿಯನ್ನು ಕುತ್ತಿಗೆಯ ಚರ್ಮ ಹಿಡಿದು ಮೇಲಕ್ಕೆತ್ತುವುದು; ಕುಂಯ್‌ಗುಟ್ಟದೆ ಸುಮ್ಮನೆ ಜೋತುಬಿದ್ದರೆ ಅದು ಗಟ್ಟಿ ಜೀವ. ಬಾಯಿ ಅಗಲಿಸಿ ಒಳಗೆ ಕಪ್ಪು ಇದೆಯೇ ನೋಡುವುದು. ಆಮೇಲೆ ಉಗುರು ಎಣಿಸುವುದು. ಎಲ್ಲ ನಾಯಿಗೂ ಹದಿನೆಂಟು ಉಗುರು. ಹಿಂಗಾಲಿಗೆ ಒಂದೊಂದು ಹೆಚ್ಚು ಬಂದು ಇಪ್ಪತ್ತಾದರೆ ಆ ಮರಿಗೆ ಪೈಪೋಟಿ. ವೈದ್ಯಶಾಸ್ತ್ರದಲ್ಲಿ ಈ ಯಾವುದಕ್ಕೂ ಆಧಾರವಿಲ್ಲ, ಹೆಚ್ಚಿನ ಉಗುರು ಮುಳ್ಳುಕಂಟಿಗೆ ಸಿಕ್ಕು ಕಿತ್ತುಬರುವುದೇ ಜಾಸ್ತಿ. ಆದರೆ ಇಷ್ಟೆಲ್ಲ ನೋಡುವುದಕ್ಕಿಂತ ಮೊದಲು ಮರಿಯನ್ನು ಅಂಗಾತ ಮಾಡಿ ಒಂದು ನೋಟ ನೋಡುತ್ತಿದ್ದರು. ಹೆಣ್ಣಾದರೆ ಅಲ್ಲಿಗೇ ಮುಗಿಯಿತು, ಉಗುರು ಎಣಿಸುವ ಪ್ರಶ್ನೆಯೇ ಇಲ್ಲ.

ಗಂಡುಮರಿಗಳು ಹೋದ ಮೇಲೆ ಉಳಿದ ಹೆಣ್ಣುಮರಿಗಳನ್ನು ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸಿ ಬಿಡುತ್ತಿದ್ದರು. ಹಾನಗಲ್ ಕಡೆಯವರಿಗೆ ಧರ್ಮಾ ಹೊಳೆ, ಸವಣೂರಿನವರಿಗೆ ವರದಾ, ಹಿರೇಕೆರೂರು–ಮಾಸೂರು ಕಡೆಗೆ ಕುಮುದ್ವತಿ. ಹೊಳೆ ದಾಟಿಸಿದರೆ ತಿರುಗಿ ಬರಂಗಿಲ್ಲ ಅನ್ನುವ ಲೆಕ್ಕ. ಆಚೆ ದಂಡೆಯವರು ತಮ್ಮವನ್ನು ಈಚೆಗೆ ತಂದು ಬಿಡುತ್ತಿದ್ದರು, ಅದು ಬೇರೆ ಮಾತು. ಹೊಳೆ ದೂರವಾದರೆ ಸಂತೆಯ ಬಯಲು, ಖಾನಾವಳಿಯ ಹಿಂಬದಿ, ಬಸ್ ನಿಲ್ದಾಣ. ಅಲ್ಲಿ ಬದುಕಿದ್ದು ಬದುಕಿತು. ಬದುಕಿದ ಹೆಣ್ಣು ಊರಿನ ನಾಯಿಯಾಗಿ ಮುಂದಿನ ಕಾರ್ತಿಕಕ್ಕೆ ಬೆದೆಗೆ ಬಂದು ಮತ್ತೆ ಮರಿ ಹಾಕುತ್ತಿತ್ತು, ಮತ್ತೆ ಆರಿಸುವವರು ಬರುತ್ತಿದ್ದರು. ಗಂಡುನಾಯಿಗೆ ಮನೆ, ಹೆಣ್ಣುನಾಯಿಗೆ ಬೀದಿ; ಮನೆಗೆ ಬೇಕಾದ ನಾಯಿಯನ್ನು ಬೀದಿ ಹೆತ್ತು ಕೊಡುತ್ತಿತ್ತು. ನನ್ನ ಮಟ್ಟಿಗೆ ನಮ್ಮ ಸೀಮೆಯ ನಾಯಿ ಸಾಕಣೆಯ ಚರಿತ್ರೆಯ ಒಟ್ಟು ವ್ಯವಸ್ಥೆ ಇದೇ.

ಎಷ್ಟು ಬದುಕುತ್ತಿದ್ದವು? ನಾವು ಯಾರೂ ಲೆಕ್ಕ ಇಟ್ಟವರಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯವರು ಬಂಗಾಳದಲ್ಲಿ ಬೀದಿನಾಯಿಗಳ 95 ಸೂಲುಗಳ 364 ಮರಿಗಳನ್ನು ಬೆನ್ನುಹತ್ತಿ ನೋಡಿ 2016ರಲ್ಲಿ ಪ್ರಕಟಿಸಿದರು. ಏಳು ತಿಂಗಳು ತುಂಬುವ ಹೊತ್ತಿಗೆ ನೂರಕ್ಕೆ ಹತ್ತೊಂಬತ್ತು ಮಾತ್ರ ಉಳಿದಿದ್ದವು. ಸಾವುಗಳಲ್ಲಿ ದೊಡ್ಡ ಪಾಲಿಗೆ ಮನುಷ್ಯರೇ ಕಾರಣ.

ವಿಚಿತ್ರವೆಂದರೆ ತಳಿಯ ವಿಷಯದಲ್ಲಿ ನಮ್ಮವರು ಅಜ್ಞಾನಿಗಳಲ್ಲ. ಹೋರಿಯ ಮಾತು ತೆಗೆಯಿರಿ, ಹಾನಗಲ್ಲಿನ ರೈತ ಮೂರು ತಲೆಮಾರಿನ ವಂಶ ಹೇಳುತ್ತಾನೆ. ದೀಪಾವಳಿ ಬಂತೆಂದರೆ ಈ ತಾಲ್ಲೂಕುಗಳಲ್ಲಿ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡು ಅಖಾಡದಲ್ಲಿ ಓಡುವ ಹೋರಿಗೆ ಸಿನೆಮಾ ನಟನಿಗಿರುವಷ್ಟು ಅಭಿಮಾನಿಗಳು. ಬಂಕಾಪುರದ ಕೋಟೆಯೊಳಗೆ ಸರ್ಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ಅದರ ಮೇವಿನ ಬಯಲಲ್ಲೇ ಈಗಿನ ನವಿಲುಧಾಮ. ಯಾವ ಆಕಳನ್ನು ಯಾವ ಹೋರಿಗೆ ಬಿಡಬೇಕು, ಯಾವ ಕರುವಿನ ಬೀಜ ಒಡೆಸಿ ಎತ್ತು ಮಾಡಬೇಕು, ಇದೆಲ್ಲ ಮನೆಯ ಹಿರಿಯರು ಕೂತು ಮಾತಾಡುವ ವಿಷಯ. ನಾವು ಬರ್ಡಿಜೊ ಇಕ್ಕಳ ಹಿಡಿದು ಊರಿಗೆ ಹೋದರೆ ಹೋರಿಗರುಗಳ ಸಾಲು ನಿಲ್ಲುತ್ತಿತ್ತು. ಅದಕ್ಕೂ ಹಿಂದಿನವರು ಕಲ್ಲು–ಕಟ್ಟಿಗೆಯಲ್ಲೇ ಜಜ್ಜುತ್ತಿದ್ದರಂತೆ. ಆ ಕೆಲಸದ ವಿವರ ಬೇಡ. ಹೇಳಬೇಕಾದ್ದು ಇಷ್ಟೇ: ಸಂತಾನ ನಿಲ್ಲಿಸುವುದು ನಮ್ಮ ರೈತನಿಗೆ ಹೊಸದಲ್ಲ, ಪಾಪವೂ ಅಲ್ಲ. ಆದರೆ ಒಡೆಸುತ್ತಿದ್ದದ್ದು ಗಂಡಿನದು. ಹೆಣ್ಣಿನ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದು ಎತ್ತಿನ ಲೆಕ್ಕಕ್ಕೆ ಸೇರಲಿಲ್ಲ.

ನಾಯಿಗೆ ನಮ್ಮಲ್ಲಿ ಗೌರವ ಇಲ್ಲದೆಯೂ ಇಲ್ಲ. ಪಕ್ಕದ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ, ಹೊಳೆಯಾಚೆಯ ಮೈಲಾರಕ್ಕೆ ಈ ನಾಲ್ಕೂ ತಾಲ್ಲೂಕಿನ ಜನ ನಡೆದುಕೊಳ್ಳುತ್ತಾರೆ. ಮೈಲಾರಲಿಂಗನ ಗೊರವಯ್ಯ ಕಂಬಳಿಯ ಅಂಗಿ ತೊಟ್ಟು, ಡಮರುಗ ಬಡಿಯುತ್ತ ದೇವರ ನಾಯಿಯಾಗಿ ಬೊಗಳುತ್ತಾನೆ, ದೋಣಿಗೆ ಹಾಕಿದ ಎಡೆಗೆ ಬಾಯಿ ಹಾಕಿ ಉಣ್ಣುತ್ತಾನೆ. ಭಕ್ತರು ಅವನಿಗೆ ಕೈಮುಗಿಯುತ್ತಾರೆ. ಇದಕ್ಕೂ ಹಳೆಯದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949–50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ, ಏನು ಬೇಕೋ ಕೇಳು ಅಂದಾಗ ಊರು–ಕೇರಿ ಕೇಳದೆ ಗಂಗ ಅರಸು ಎರಡನೆಯ ಬೂತುಗನ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಣ್ಣಬಾರದು ಎಂದು ಕಟ್ಟಳೆಯನ್ನೂ ಬರೆಸಿದರು. ಅಲ್ಲೂ ಗೊರವ, ಇಲ್ಲೂ ಗೊರವ. ನನಗೆ ಇದು ಕಾಕತಾಳೀಯ ಅನ್ನಿಸುವುದಿಲ್ಲ, ಬಲ್ಲವರು ಹೇಳಲಿ. ಗೌರವ ಸಿಕ್ಕದ್ದು ಬೇಟೆಯ ನಾಯಿಗೆ, ಕಾವಲಿನ ನಾಯಿಗೆ, ದೇವರ ನಾಯಿಗೆ. ಅಂಥವನ್ನು ಹೆತ್ತ ನಾಯಿಗೆ ಕಲ್ಲು ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ.

ಹೆತ್ತ ನಾಯಿಯನ್ನು ಗಮನಿಸುತ್ತಿದ್ದವರು ಹೆಂಗಸರು. ಬಣವಿಯಲ್ಲಿ ನಾಯಿ ಈದಿದೆ ಎಂದು ತಿಳಿದ ದಿನ ಮನೆಯ ಮುದುಕಿ ಜೋಳದ ನುಚ್ಚಿಗೆ ಬೆಲ್ಲ ಹಾಕಿ ಕುದಿಸಿ, ಒಡಕು ಗಡಿಗೆಯ ಬೋಕಿಯಲ್ಲಿ ಸುರಿದು ಬರುತ್ತಿದ್ದಳು. "ಅದೂ ಹಡದೈತಿ ಪಾಪ, ಬಾಣಂತಿ" ಅನ್ನುವಳು. ಉಳಿದ ದಿನ ಅದೇ ನಾಯಿ ಹೊಸ್ತಿಲ ಹತ್ತಿರ ಬಂದರೆ ಕಟ್ಟಿಗೆ ಬೀಸುತ್ತಿದ್ದವಳೂ ಅವಳೇ. ಹಡೆದ ಒಂದು ತಿಂಗಳ ಮಟ್ಟಿಗೆ ನಾಯಿ ಹೆಣ್ಣುಕುಲಕ್ಕೆ ಸೇರುತ್ತಿತ್ತು. ಒಂದ್ಸಲ ಮರಿ ಹಾಕಲಿ ಅನ್ನುವ ಇಂದಿನ ಮಾತಿನ ಬೇರನ್ನು ನಾನು ಇಲ್ಲಿ ಕಾಣುತ್ತೇನೆ. ಹೆಣ್ಣು ಜನ್ಮಕ್ಕೆ ಬಂದ ಮೇಲೆ ಒಮ್ಮೆಯಾದರೂ ತಾಯಿಯಾಗಬೇಕು, ಬಂಜೆಯಾಗಿ ಸಾಯಬಾರದು. ಮನುಷ್ಯರ ಹೆಣ್ಣುಮಕ್ಕಳಿಗೆ ಹಾಕಿದ ಅಳತೆಗೋಲನ್ನೇ ನಾಯಿಗೂ ಹಿಡಿದದ್ದು. ಇಂಗ್ಲೆಂಡು, ಅಮೆರಿಕದಲ್ಲೂ ಇದೇ ನಂಬಿಕೆ ಬಹಳ ಕಾಲ ಇತ್ತು, ಆದ್ದರಿಂದ ನಮ್ಮ ಮುದುಕಿಯರನ್ನಷ್ಟೇ ದೂರುವಂತಿಲ್ಲ.

ಬೀದಿ ಹೆರುತ್ತ ಹೋದದ್ದರ ಖರ್ಚನ್ನು ಊರು ಬೇರೆ ರೀತಿ ಕಟ್ಟುತ್ತಿತ್ತು. ಹಾನಗಲ್ ತಾಲ್ಲೂಕು, ಶಿಗ್ಗಾಂವಿಯಿಂದ ಆಡಳಿತ ನಡೆಯುತ್ತಿದ್ದ ಬಂಕಾಪುರ ತಾಲ್ಲೂಕು, ಹಿರೇಕೆರೂರಿನಿಂದ ನಡೆಯುತ್ತಿದ್ದ ಕೋಡ ತಾಲ್ಲೂಕು, ಇವೆಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ 1948ರ ತನಕ ನವಾಬರದು. ಬೀದಿನಾಯಿ ಕೊಲ್ಲಿಸುವ ಪದ್ಧತಿ ಮುಂಬೈಯಲ್ಲಿ ಎಷ್ಟು ಹಳೆಯದೆಂದರೆ, 1832ರ ಜೂನ್‌ನಲ್ಲಿ ಅದನ್ನು ವಿರೋಧಿಸಿ ಪಾರ್ಸಿಗಳು ದಂಗೆಯನ್ನೇ ಎದ್ದರು. ನಮ್ಮ ಸಣ್ಣ ಊರುಗಳಲ್ಲಿ ದಂಗೆ ಏಳುವವರು ಯಾರೂ ಇರಲಿಲ್ಲ. ನಾನು ಕಂಡ ಕಾಲದಲ್ಲೂ ಒಂದು ಊರಿನ ಪುರಸಭೆಯ ಆಳುಗಳು ಬೆಳಗಿನ ಜಾವ ವಿಷದ ಗುಳಿಗೆ ಇಟ್ಟ ಮಾಂಸದ ಉಂಡೆ ಎಸೆಯುತ್ತ ಹೋಗುತ್ತಿದ್ದರು, ಹೊತ್ತೇರಿದ ಮೇಲೆ ಕೈಗಾಡಿ ಬರುತ್ತಿತ್ತು. ಕೊರಳಲ್ಲಿ ಪಟ್ಟಿ ಇದ್ದ ನಾಯಿಯನ್ನು ಬಿಡಬೇಕು ಎಂಬ ನಿಯಮವಿತ್ತು. ಹಾಗಾಗಿ ಹಿಂದಿನ ರಾತ್ರಿ ಓಣಿಯ ಹುಡುಗರು ಹರಿದ ಲಂಗದ ಅಂಚು, ಗೋಣಿಯ ಸುತಳಿ ಏನು ಸಿಕ್ಕರೆ ಅದನ್ನು ನಾಯಿಗಳ ಕೊರಳಿಗೆ ಕಟ್ಟಿಬಿಡುತ್ತಿದ್ದರು. ಕೆಲವು ಉಳಿಯುತ್ತಿದ್ದವು.

ಹುಚ್ಚುನಾಯಿಯ ಭಯ ಸುಳ್ಳೇನೂ ಆಗಿರಲಿಲ್ಲ. ಕಸೌಲಿಯಲ್ಲಿ 1900ರಲ್ಲಿ, ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಮಾಡಿದ ಲಸಿಕೆಯೇ ಈ ದೇಶದಲ್ಲಿ ತೊಂಬತ್ತು ವರ್ಷ ನಡೆಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದರೆ ನಮ್ಮ ವಯಸ್ಸಿನವರು ಈಗಲೂ ಹೊಟ್ಟೆ ಮುಟ್ಟಿಕೊಳ್ಳುತ್ತಾರೆ. ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಅಷ್ಟರಲ್ಲಿ 2001ರ ನಿಯಮಗಳು ಬಂದಿದ್ದವು: ಬೀದಿನಾಯಿ ಕೊಲ್ಲುವಂತಿಲ್ಲ, ಹಿಡಿದು ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಅವನ್ನೇ 2023ರಲ್ಲಿ ಹೊಸದಾಗಿ ಬರೆದರು. ನಮ್ಮ ಜನ ಹೆಣ್ಣುನಾಯಿಯ ಆಪರೇಷನ್ ಎಂಬ ಮಾತನ್ನು ಮೊದಲು ಕೇಳಿದ್ದು ಹೀಗೆ, ಬೀದಿನಾಯಿಯ ವಿಷಯವಾಗಿ. ಕಿವಿಯ ತುದಿ ಕತ್ತರಿಸಿದ ನಾಯಿ ಕಂಡರೆ "ಸರ್ಕಾರಿ ನಾಯಿ" ಅನ್ನತೊಡಗಿದರು.

ಅದೇ ಹೊತ್ತಿಗೆ ಮನೆಗಳಿಗೆ ಬೇರೆ ಥರದ ನಾಯಿ ಬಂತು. ಮೊದಲು ಬಿಳಿ ಪಾಮೇರಿಯನ್, ಆಮೇಲೆ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್, ಆಮೇಲೆ ಲ್ಯಾಬ್ರಡಾರ್. ದುಡ್ಡು ಕೊಟ್ಟು ತಂದದ್ದರಿಂದ ಹೆಣ್ಣಾದರೂ ಹೊಳೆ ದಾಟಿಸಲಿಲ್ಲ. ಬದಲಿಗೆ ಕ್ರಾಸ್ ಮಾಡಿಸುವ ಮಾತು ಬಂತು. ಗಂಡುನಾಯಿಯ ಮನೆಯವರಿಗೆ ತಾವೇ ಆರಿಸಿದ ಒಂದು ಮರಿ, ಉಳಿದವು ಹೆಣ್ಣಿನ ಮನೆಯವರಿಗೆ. ಮುಧೋಳದ ಸುದ್ದಿಯೂ ಜೊತೆಗೂಡಿತು. ಘೋರ್ಪಡೆ ಅರಸು ಮಾಲೋಜಿರಾವ್ ಬೆಳೆಸಿದ ತಳಿ; 2005ರಲ್ಲಿ ಅಂಚೆಚೀಟಿಗೆ ಏರಿತು, 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2020ರಲ್ಲಿ ಪ್ರಧಾನಿಯ ರೇಡಿಯೊ ಭಾಷಣದಲ್ಲಿ ಹೆಸರು ಬಂತು. ತೆಳ್ಳಗೆ ಉದ್ದ ಮೂತಿಯ ನಾಯಿ ಇದ್ದವರೆಲ್ಲ ತಮ್ಮದು ಮುಧೋಳ ಅನ್ನತೊಡಗಿದರು. ಮರಿಗೆ ರೇಟು ಹುಟ್ಟಿತು. ಹಾಗೆ ಮೊದಲ ಸಲ ನಮ್ಮ ಸೀಮೆಯಲ್ಲಿ ಹೆಣ್ಣುನಾಯಿಗೆ ಯಜಮಾನ ಹುಟ್ಟಿದ, ಜೊತೆಗೆ ಆ ಪ್ರಶ್ನೆಯೂ.

ವೈದ್ಯಕೀಯದ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಇಲ್ಲಿ ಎಳೆದಾಡಲು ಹೆಚ್ಚೇನಿಲ್ಲ. ಒಮ್ಮೆ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಎಂಬುದಕ್ಕೆ ಆಧಾರವಿಲ್ಲ. ಆಪರೇಷನ್ ಆಗದ ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುತ್ತದೆ. ಸ್ವೀಡನ್ನಿನ ವಿಮೆ ಮಾಡಿಸಿದ ನಾಯಿಗಳ ಲೆಕ್ಕದಲ್ಲಿ ಹತ್ತು ವರ್ಷ ತುಂಬುವುದರೊಳಗೆ ಸುಮಾರು ಕಾಲು ಭಾಗಕ್ಕೆ ಬಂದಿತ್ತು. ಮೊಲೆಯ ಗಡ್ಡೆಯ ಬಗ್ಗೆ 1969ರ ಅಮೆರಿಕದ ಅಧ್ಯಯನವನ್ನು ಎಲ್ಲರೂ ಹೇಳುತ್ತಾರೆ, ಬೇಗ ಮಾಡಿಸಿದಷ್ಟೂ ಕಡಿಮೆ ಎಂದು. 2012ರಲ್ಲಿ ಮತ್ತೆ ಪರಿಶೀಲಿಸಿದವರು ಆ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ ಅಂದಿದ್ದಾರೆ, ಆದ್ದರಿಂದ ಅದನ್ನು ನಾನು ಒತ್ತಿ ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಒತ್ತಿ ಹೇಳಬೇಕಾದ್ದು ಕೂಡುವಾಗ ಅಂಟುವ ಗಡ್ಡೆಯನ್ನು. ಹಿಂದಿನಿಂದ ರಕ್ತ ತೊಟ್ಟಿಕ್ಕುವ ಬೀದಿನಾಯಿಯನ್ನು ನೀವೆಲ್ಲ ನೋಡಿರುತ್ತೀರಿ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರಿನ ಅದೇ ಜೀವಕೋಶಗಳು ನಾಯಿಯಿಂದ ನಾಯಿಗೆ ದಾಟಿ ಇಂದಿಗೂ ಬದುಕಿವೆ. ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಂದರಂತೆ ಕೊಟ್ಟರೆ ಬಹುಪಾಲು ವಾಸಿಯಾಗುತ್ತದೆ, ಆದರೆ ವಾರವಾರ ನಾಯಿ ಹಿಡಿದು ತರುವವರು ಯಾರು? ಇನ್ನು ಮರಿ ಮಾರುವ ಆಸೆಯವರಿಗೆ 2017ರ ನಿಯಮಗಳು ಗೊತ್ತೇ ಇರುವುದಿಲ್ಲ. ಹದಿನೆಂಟು ತಿಂಗಳು ತುಂಬದ ನಾಯಿಯಿಂದ ಮರಿ ಮಾಡಿಸುವಂತಿಲ್ಲ, ವರ್ಷಕ್ಕೊಂದೇ ಸೂಲು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ.

ಹಾಗಂತ ನಾನು ಎಲ್ಲರಿಗೂ ಒಂದೇ ಉತ್ತರ ಕೊಡುವವನಲ್ಲ. ಶಿಗ್ಗಾಂವಿ ತಾಲ್ಲೂಕಿನ ದುಂಡಶಿ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬುವ ಒಬ್ಬ ಹಿರಿಯರು ನನಗೆ ಪರಿಚಯ. ಕಾಡಂಚಿನ ಸೀಮೆ, ಚಿರತೆಯ ಕಾಟ. ಅವರಲ್ಲಿ ಕಂದುಬಣ್ಣದ ಹೆಣ್ಣುನಾಯಿ ಇತ್ತು. ರಾತ್ರಿ ಹಟ್ಟಿಯ ಸುತ್ತ ತಿರುಗುವುದು, ಮಲಗಿದರೂ ಗಾಳಿಗೆ ಮೂತಿ ಮಾಡಿಯೇ ಮಲಗುವುದು. ಆಪರೇಷನ್ ಮಾತು ತೆಗೆದೆ.

"ಇದರ ಹೊಟ್ಟಿ ಕೊಯ್ಸಿದ್ರ ನಾಳೆ ಇಂಥಾದ್ದು ಎಲ್ಲಿಂದ ತರ್ಲಿ ಡಾಕ್ಟರ?"

"ಹೆಣ್ಣು ಮರಿ ಏನು ಮಾಡ್ತೀಯೋ ಯಜಮಾನ?"

"ಒಂದು ನನ್ನ ಮಗಗ, ಒಂದು ಬೀಗರ ಹಟ್ಟಿಗೆ. ಅವರು ಮರಿ ಹುಟ್ಟೂ ಮೊದಲ ಹೇಳಿ ಇಟ್ಟಾರ. ಗಂಡಿಗಿಂತ ಹೆಣ್ಣು ಎಚ್ಚರ ಇರ್ತೈತಿ ರೀ."

ನಾನು ಸುಮ್ಮನಾದೆ. ಅಲ್ಲಿ ತಾಯಿಗೂ ಯಜಮಾನನಿದ್ದ, ಹುಟ್ಟುವ ಹೆಣ್ಣಿಗೂ ಇದ್ದ. ಊರಿನಲ್ಲಿ ಗೋಣಿಚೀಲಕ್ಕೆ ಬೀಳುತ್ತಿದ್ದ ಹೆಣ್ಣುಮರಿ ಹಟ್ಟಿಯಲ್ಲಿ ಬೀಗರ ಮನೆಗೆ ಹೋಗುತ್ತಿತ್ತು. ನಮ್ಮ ಸೀಮೆಯಲ್ಲಿ ನಾಯಿಯ ತಳಿ ಅಂತ ಏನಾದರೂ ಉಳಿದಿದ್ದರೆ ಅದು ಇಂಥ ಹಟ್ಟಿಗಳಿಂದ. ಅಂದಿನಿಂದ ನನ್ನನ್ನು ಕೇಳಲು ಬಂದವರಿಗೆ ನಾನೇ ಮೊದಲು ಕೇಳುವುದು ಅದೊಂದೇ: ಹೆಣ್ಣು ಮರಿ ಯಾರು ಒಯ್ತಾರ?

ಹಾನಗಲ್ ತಾಲ್ಲೂಕಿನ ಒಬ್ಬ ಶಾಲೆಯ ಅಕ್ಕಾರು ಹೀಗೆಯೇ ಬಂದಿದ್ದರು. ಅವರದು ಕರಿ ನಾಯಿ, ಅರ್ಧ ಮುಧೋಳ, ಅರ್ಧ ಓಣಿಯದು. ಅತ್ತೆಗೆ ಅದು ಒಮ್ಮೆ ಹಡೆಯಬೇಕೆಂಬ ಹಟ. ಗಂಡನಿಗೆ ಮರಿ ಮಾರುವ ಆಸೆ. ಅಕ್ಕಾರಿಗೆ ಎರಡೂ ಇಲ್ಲ, ಆದರೆ ಸಹೋದ್ಯೋಗಿಗಳು ಮರಿ ಕೇಳಿದ್ದಾರೆಂಬ ದಾಕ್ಷಿಣ್ಯ. ನನ್ನ ಪ್ರಶ್ನೆಗೆ, "ಒಯ್ಯೋರು ಭಾಳ ಮಂದಿ ಅದಾರ್ರಿ ಸರ್, ಹೆಸರು ಬರದಿಟ್ಟೀನಿ" ಎಂದು ಬ್ಯಾಗಿನಿಂದ ಶಾಲೆಯ ನೋಟುಬುಕ್ಕನ್ನೇ ತೆಗೆದರು. "ಎಲ್ಲಾರಿಗೂ ಫೋನ್ ಮಾಡಿ ಗಂಡು ಬೇಕೋ ಹೆಣ್ಣು ಬೇಕೋ ಕೇಳಿ ಬರ್ಕೊಳ್ರಿ ಅಕ್ಕಾರ" ಅಂದೆ.

ಎಂಟು ದಿನ ಬಿಟ್ಟು ಬಂದರು. ಪ್ರತಿ ಹೆಸರಿನ ಮುಂದೆ ಹಾಜರಿ ಪುಸ್ತಕದಂತೆ ಒಂದೊಂದೇ ಅಕ್ಷರ ಬರೆದಿದ್ದರು: ಗಂ, ಗಂ, ಗಂ. ಒಬ್ಬರ ಮುಂದೆ ಮಾತ್ರ "ಹೆ" ಇತ್ತು, ಅದನ್ನೂ ಹೊಡೆದು ಹಾಕಿದ್ದರು. ಆ ಮನೆಯಲ್ಲಿ ಅತ್ತೆ ಬೇಡ ಅಂದರಂತೆ.

ಶ್ರಾವಣ ಬರುವ ಮೊದಲೇ ಆಪರೇಷನ್ ಆಯಿತು. ಬೆಳಿಗ್ಗೆ ಹೊಟ್ಟೆ ಖಾಲಿ ಬಿಟ್ಟು ಕರೆತಂದರು, ಸಂಜೆ ತೊಡೆಯ ಮೇಲೆ ಮಲಗಿಸಿಕೊಂಡು ಆಟೊದಲ್ಲಿ ಒಯ್ದರು. ಹತ್ತನೆಯ ದಿನ ಹೊಲಿಗೆ ಬಿಚ್ಚಲು ನಾನೇ ಅವರ ಮನೆಗೆ ಹೋದೆ. ಅತ್ತೆ ನುಚ್ಚು–ಬೆಲ್ಲ ಕುದಿಸಿ ಹಾಕುತ್ತಿದ್ದರಂತೆ, ದಿನಾ ಎರಡು ಹೊತ್ತು. ನಾಯಿ ಆಗಲೇ ಒಂದು ಸುತ್ತು ದಪ್ಪಗಾಗಿತ್ತು. ಆಪರೇಷನ್ ಆದ ನಾಯಿ ಬೇಗ ಮೈ ಹಿಡಿಯುತ್ತದೆ, ನುಚ್ಚು ಕಡಿಮೆ ಮಾಡಿ ಎಂದು ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿದರು. ಬೋಕಿ ಮಾತ್ರ ಹಿಂದಿನಂತೆಯೇ ತುಂಬಿತ್ತು.